ಛತ್ರಿಯವನು, ಫ್ರಿಜ್ಜಿನವನು ಮತ್ತು ನಮ್ಮ ಅತ್ತಿ

ಇಂಗ್ಲಿಷ್ ಕಲಿಸೋದು ಕಷ್ಟದ ಕೆಲಸ ಅಂತ ಎಲ್ಲರೂ ಹೇಳ್ತಾರೆ. ಅದನ್ನ ನಗಿಸಿ ಕಲಿಸ್ತೀನಿ ಅಂತ ಹೊರಟವರ ಪಾಡು ಮಾತ್ರ ಯಾರೂ ಹೇಳೋದಿಲ್ಲ. ನಾನು ಹಾಗೆ ಹೊರಟು ಎಷ್ಟೋ ವರ್ಷವಾಯ್ತು. ನಗಬೇಕಾದಲ್ಲಿ ಅಳೋದು, ಸುಮ್ಮನಿರಬೇಕಾದಲ್ಲಿ ನಗೋದು ನನ್ನ ಸುತ್ತ ಇನ್ನೂ ನಿಂತಿಲ್ಲ.

ತೆಲಂಗಾಣ ಬರ್ತದೋ ಇಲ್ಲವೋ ಅಂತ ಊರೆಲ್ಲ ಕಾಯ್ತಿದ್ದ ಕಾಲ. ಕನ್ನಡ ಆಡುವ ಗಡಿಯೂರು ನಾರಾಯಣಪೇಟೆಯ ಒಂದು ಜೂನಿಯರ್ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಲೆಕ್ಚರರ್. ತವರು ಮಕ್ತಲ್. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮನೆಯವರಿಗೆ ಗದ್ವಾಲದಲ್ಲಿ ಕರೆಂಟಿನ ಇಲಾಖೆಯ ನೌಕರಿ. ಭಾನುವಾರ ಬರೋರು, ಸೋಮವಾರ ಮುಂಜಾನೆ ಹೊರಡೋರು. ಉಳಿದ ದಿನಗಳಲ್ಲಿ ಮನೆಯೊಳಗೆ ನಾನು ಮತ್ತು ನಮ್ಮ ಅತ್ತಿ, ಇಬ್ಬರೇ. ಅತ್ತಿ ಗಟ್ಟು ಕಡೆಯವರು. ಮಾತು ಬಲು ಕಮ್ಮಿ. "ಉಂಡೇನು?" ಅಂತ ಒಂದು, "ಮಲಕೋ ಹೋಗು" ಅಂತ ಒಂದು, ದಿನಕ್ಕೆ ಎರಡೇ ಮಾತು. ನನ್ನ ಮೇಲೆ ಸಿಟ್ಟೋ, ಸ್ವಭಾವವೇ ಹಾಗೋ ಗೊತ್ತಾಗದೆ ನಾನು ಮನೆಯಲ್ಲಿ ಬೆಕ್ಕಿನ ಹಾಗೆ ಓಡಾಡ್ತಿದ್ದೆ.

ಆಗಲೇ ನನಗೆ ಹೈದರಾಬಾದಿನಲ್ಲಿ ಒಂದು ವಾರ ತರಬೇತಿಯಾಯ್ತು. "ಹುಡುಗರಿಗೆ ಇಂಗ್ಲಿಷಿನ ಹಾಸ್ಯ ಧಾರಾವಾಹಿ ತೋರಿಸಿ, ಮಾತು ತಾನಾಗಿ ಬರ್ತದೆ" ಅಂತ ಹೇಳಿ ಒಂದು ಪೆನ್‌ಡ್ರೈವ್ ಕೈಗಿಟ್ಟರು. ಅದರಲ್ಲಿ ಅಮೆರಿಕದ್ದೊಂದು, ಬ್ರಿಟನ್ನಿನದೊಂದು. ಎರಡು ದೇಶದ ಹಾಸ್ಯಕ್ಕೆ ಏನು ವ್ಯತ್ಯಾಸ ಅಂತ ಹುಡುಗರ ಕೈಲಿ ಬರೆಸಬೇಕು. ಮೊದಲು ನಾನು ನೋಡಿಕೊಳ್ಳೋಣ ಅಂತ ಮನೆಯ ಟಿ.ವಿ.ಗೆ ಹಾಕಿದೆ.

*ನಗೋರು ಯಾರು?*

ಅಮೆರಿಕದ ಕಥೆಯಲ್ಲಿ ಒಬ್ಬ ಯಜಮಾನ ದೊಡ್ಡ ಫ್ರಿಜ್ ತರ್ತಾನೆ. ಅದು ಯಾವ ಬಾಗಿಲಲ್ಲೂ ಹಿಡಿಯೋದಿಲ್ಲ. ಅವನೊಂದು ಮಾತಾಡಿದರೆ ಹಿಂದಿನಿಂದ ನೂರು ಜನ ಹೋ ಅಂತ ನಗ್ತಾರೆ. ನಾನೂ ಕೋಣೆಯ ಬಾಗಿಲು ಹಾಕಿಕೊಂಡು ಚೆನ್ನಾಗಿ ನಕ್ಕೆ.

ಮರುದಿನದಿಂದ ಅತ್ತಿಯ ಎರಡು ಮಾತೂ ನಿಂತವು. ತಟ್ಟೆ ಇಟ್ಟು ಹೋಗೋದು, ತಟ್ಟೆ ತೆಗೆದುಕೊಂಡು ಹೋಗೋದು. ಮೂರನೇ ದಿನ ತಡೆಯಲಾರದೆ ಕೇಳಿದೆ. "ಅತ್ತೀ, ನಂದೇನು ತಪ್ಪಾತ್ರೀ?"

ಅತ್ತಿಯ ಕಣ್ಣು ತುಂಬಿತು. "ಮಕ್ತಲದಿಂದ ನಿನ್ನ ತವರವರನ್ನೆಲ್ಲ ಕರೆಸಿ, ಬಾಗಲಾ ಹಾಕ್ಕೊಂಡು, ನನ್ನ ಮ್ಯಾಲೆ ಅಷ್ಟು ನಗಾಕ ಹತ್ತಿದ್ರಲ್ಲ! ನಾ ಏನು ಮಾಡೀನವ್ವಾ ನಿನಗ?"

ಕೈಹಿಡಿದು ಕರೆದುಕೊಂಡು ಹೋಗಿ ಟಿ.ವಿ. ಮುಂದೆ ಕೂರಿಸಿ ಮತ್ತೆ ಹಾಕಿದೆ. ಹೋ ಅಂತ ನಗು ಬಂತು. ಅತ್ತಿ ದಿಟ್ಟಿಸಿ ನೋಡಿದರು.

"ಇವರಾ ನಕ್ಕದ್ದು? ಇವರಿಗೆ ನಾ ಗೊತ್ತೇನು?"

"ಇಲ್ರೀ ಅತ್ತಿ. ಅವರು ಅಮೆರಿಕದವರು."

ಅತ್ತಿ ಸೆರಗಿನಿಂದ ಮೂಗು ಒರೆಸಿಕೊಂಡು ಹಾಯಾಗಿ ಗೋಡೆಗೆ ಒರಗಿದರು. "ಹಂಗಾದ್ರ ನಗಲಿ ಬಿಡು. ಅಷ್ಟು ದೂರದಿಂದ ನಕ್ಕಾರ."

*ಛತ್ರಿಯವನು*

ಅವತ್ತಿನಿಂದ ಸಂಜೆ ಅಡಿಗೆಯಾದ ಮೇಲೆ ಅತ್ತಿಯೇ ಬಂದು ಕೂರೋಕೆ ಶುರುಮಾಡಿದರು. ಬ್ರಿಟನ್ನಿನದು ಹಾಕಿದೆ. ಅದರಲ್ಲಿ ನಗೋ ಜನ ಇರಲಿಲ್ಲ. ಒಬ್ಬ ಸಣಕಲು ಮನುಷ್ಯ ನೆರೆಮನೆಯಿಂದ ತಂದ ಛತ್ರಿ ವಾಪಸು ಕೊಡೋಕೆ ಹೋಗಿದ್ದಾನೆ. ಗಂಟೆ ಒತ್ತಿದರೆ ಅವರಿಗೆ ತೊಂದರೆಯಾದೀತು ಅಂತ ಬಾಗಿಲ ಮುಂದೆಯೇ ನಿಂತಿದ್ದಾನೆ. ಮಳೆ ಬಂತು. ಛತ್ರಿ ಕೈಯಲ್ಲೇ ಇದೆ, ಬಿಚ್ಚೋದಿಲ್ಲ. ಯಾಕೆಂದರೆ ಅದು ತನ್ನದಲ್ಲವಲ್ಲ!

ನಾನು ಬಾಯಿಗೆ ಸೆರಗು ಹಿಡಿದು ನಗ್ತಿದ್ದೆ. ತಿರುಗಿ ನೋಡಿದರೆ ಅತ್ತಿ ಅಳ್ತಿದ್ದಾರೆ.

"ಅತ್ತೀ, ಇದು ನಗೂದ್ರೀ!"

"ಇದರಾಗ ನಗಾಕ ಏನೈತಿ? ನಿಮ್ಮ ಮಾವನೋರು ಥೇಟ್ ಹಿಂಗ ಇದ್ರು."

ಮಾವನವರನ್ನು ನಾನು ಕಂಡವಳಲ್ಲ. ಗೋಡೆಯ ಮೇಲಿನ ಫೋಟೋ ಅಷ್ಟೆ. ಅವತ್ತು ಅತ್ತಿ ಮೊದಲ ಸಲ ಅವರ ಮಾತು ತೆಗೆದರು.

"ಲಗ್ನ ಆಗಿ ಮೊದಲನೇ ಹಬ್ಬ. ನಮ್ಮ ತವರಿಗೆ ಬಂದಿದ್ರು. ನಮ್ಮವ್ವ ಒಂದು ಹೋಳಿಗಿ ನೀಡಿ, 'ಇನ್ನೊಂದು ಹಾಕ್ಲೇನ್ರೀ ಅಳಿಯಾರ' ಅಂದ್ಳು. ಇವರು ನಾಚಿ 'ಬ್ಯಾಡ್ರೀ' ಅಂದ್ರು. ನಮ್ಮವ್ವ ಖರೇ ಅಂತ ತಿಳಿದು ಬುಟ್ಟಿ ಎತ್ತಿಟ್ಲು. ಸಂಜಿಮುಂದ ನಾ ಹಿತ್ತಲಕ್ಕ ಹೋದ್ರ ಏನು ನೋಡ್ತಿ? ಎಮ್ಮಿ ಬಾನಿ ಮುಂದ ಕುಂತು ಶೇಂಗಾ ಹಿಂಡಿ ತಿನ್ನಾಕ ಹತ್ಯಾರ! ಅದೂ ಅರ್ಧ ಎಮ್ಮಿಗೆ ಸರಿಸಿಟ್ಟು!"

ಹೇಳ್ತಾ ಹೇಳ್ತಾ ಅತ್ತಿಗೆ ನಗು ಬಂತು. ಅದು ಹೆಚ್ಚಾಗಿ, ಹೊಟ್ಟೆ ಹಿಡಿದುಕೊಂಡು, ನನ್ನ ಹೆಗಲ ಮೇಲೆ ತಲೆಯಿಟ್ಟು ನಕ್ಕರು. ಆ ಮನೆಗೆ ಬಂದ ಮೇಲೆ ಅವರು ನನ್ನನ್ನ ಮುಟ್ಟಿದ್ದು ಅದೇ ಮೊದಲು.

"ಹಂಗಾದ್ರ ಅಮೆರಿಕದವರ ನಗೂಗೂ ಇವರ ನಗೂಗೂ ಏನು ಫರಕು ಐತ್ರೀ ಅತ್ತಿ?" ಅಂತ ನನ್ನ ಪಾಠದ ಪ್ರಶ್ನೆಯನ್ನೇ ಕೇಳಿದೆ.

"ಅಮೆರಿಕದವ ಮುಳ್ಳು ತುಳಿದ್ರ ಊರಿಗೆಲ್ಲ ಕೇಳೂ ಹಂಗ ಒದರತಾನ. ಈ ಛತ್ರಿಯವ, ನಿಮ್ಮ ಮಾವ, ಇವರು ಹಂಗಲ್ಲ. ಮುಳ್ಳು ತುಳಿದ್ರ ಬಗ್ಗಿ ಮುಳ್ಳಿಗೇ ಕೇಳ್ತಾರ, 'ನಿಮಗೇನರ ಪೆಟ್ಟಾತೇನ್ರೀ?'"

*ಹಾಜರ್, ಗೈರುಹಾಜರ್*

ಅತ್ತಿಗೆ ತಿಳಿದದ್ದು ಕ್ಲಾಸಿನಲ್ಲಿ ತಿಳಿಸೋದು ಸುಲಭ ಅಂದುಕೊಂಡಿದ್ದೆ. ಫ್ರಿಜ್ಜಿನ ಕಥೆ ಹಾಕಿದಾಗ ಹುಡುಗರು ಧಾರಾವಾಹಿಯೊಳಗಿನ ಜನ ನಕ್ಕಾಗಲೆಲ್ಲ ನಕ್ಕು, ಅವರು ನಿಲ್ಲಿಸಿದಾಗ ನಿಲ್ಲಿಸಿದರು. ಕವಾಯತಿನ ಹಾಗೆ. ಛತ್ರಿಯ ಕಥೆ ಹಾಕಿದೆ. ಒಬ್ಬರೂ ಉಸಿರೆತ್ತಲಿಲ್ಲ. ಸೂಜಿ ಬಿದ್ದರೆ ಕೇಳಬೇಕು.

ಆಗಲೇ ಪ್ರಿನ್ಸಿಪಾಲರು ವರಾಂಡದಲ್ಲಿ ಬಂದವರು ಬಾಗಿಲಲ್ಲಿ ನಿಂತುಬಿಟ್ಟರು. ನಮ್ಮ ಕಾಲೇಜಿನಲ್ಲಿ ಅಷ್ಟು ಶಾಂತವಾದ ಕ್ಲಾಸನ್ನ ಅವರು ಕಂಡಿರಲಿಲ್ಲ.

"ಏನು ಪಾಠ ಮೇಡಂ?"

"ಹಾಸ್ಯ ಸರ್."

ಅವರು ತಲೆದೂಗಿದರು. "ಭಾಳ ಚಲೋ. ಬ್ಯಾರೆ ಲೆಕ್ಚರರ್‌ಗಳಿಗೂ ಹೇಳ್ತೀನಿ, ಎಲ್ಲಾರೂ ಹಾಸ್ಯಾನೇ ಹೇಳ್ರಿ ಅಂತ."

ವ್ಯತ್ಯಾಸ ಬರೆಯಿರಿ ಅಂತ ಹಾಳೆ ಕೊಟ್ಟೆ. ದಾಮರಗಿದ್ದದಿಂದ ಬಸ್ಸಿನಲ್ಲಿ ಬರ್ತಿದ್ದ ಒಬ್ಬ ಹುಡುಗಿ, ವರ್ಷವಿಡೀ ಬಾಯಿ ತೆರೆಯದವಳು, ಒಂದೇ ಸಾಲು ಬರೆದಿದ್ದಳು. "ಅಮೆರಿಕದ ಹಾಸ್ಯದಲ್ಲಿ ನಗುವವರು ಹಾಜರ್, ಬ್ರಿಟನ್ನಿನ ಹಾಸ್ಯದಲ್ಲಿ ನಗುವವರು ಗೈರುಹಾಜರ್."

ತರಬೇತಿ ಕೊಟ್ಟವರು ಒಂದು ವಾರ ಹೇಳಿದ್ದು ಇಷ್ಟೇ. ಹತ್ತಕ್ಕೆ ಹತ್ತು ಹಾಕಿದೆ. ಹುಡುಗಿ ಹಾಳೆ ನೋಡಿ ಬೆವತು ಬಂದಳು. "ಮೇಡಂ, ಯಾರದರ ಮಾರ್ಕು ನನಗ ಹಾಕಿರೇನ್ರೀ?"

*ರಾಜ್ಯ ಬಂತು*

ರಾಜ್ಯ ಆಯ್ತು ಅಂತ ಟಿ.ವಿ.ಯಲ್ಲಿ ಬಂದ ದಿನ ಅತ್ತಿ ಅಡಿಗೆಮನೆಯಲ್ಲಿದ್ದರು. ನಾನೂ ರಜೆ ಹಾಕಿ ಬಂದಿದ್ದ ಮನೆಯವರೂ ಟಿ.ವಿ. ಮುಂದೆ. ಜನ ಕುಣಿಯೋದು, ಕೂಗೋದು, ಒಬ್ಬರ ಮೇಲೊಬ್ಬರು ಗುಲಾಲು ಎರಚಿ ನಗೋದು. ಸಪ್ಪಳ ಕೇಳಿ ಅತ್ತಿ ಒಳಗಿಂದಲೇ ಕೂಗಿದರು. "ಯಾರದು? ಆ ಅಮೆರಿಕದವರೇನು?"

"ಅಲ್ಲಬೇ ಅವ್ವಾ, ನಮ್ಮವರೇ!" ಅಂದರು ಮನೆಯವರು. ಎಷ್ಟು ದಿನ ಕಾದಿದ್ದ ಸುದ್ದಿ ಅದು. "ತೆಲಂಗಾಣ ಬಂತು!"

ಅಡಿಗೆಮನೆಯಿಂದ ಅತ್ತಿಯ ದನಿ ಬಂತು. "ಬರ್ಲಿ, ಬರ್ಲಿ. ಕುಂದ್ರಂತ ಹೇಳು, ಚಾ ಇಡ್ತೀನಿ."

*ಶಿರಾ*

ಕಾಲೇಜಿನ ವಾರ್ಷಿಕೋತ್ಸವಕ್ಕೆ ನಮ್ಮ ಹುಡುಗರು ತಾವೇ ಒಂದು ಇಂಗ್ಲಿಷ್ ನಾಟಕ ಕಟ್ಟಿದರು. ಕನ್ಯೆ ನೋಡೋಕೆ ಬೀಗರು ಬಂದಿದ್ದಾರೆ. ಕನ್ಯೆ ಗಾಬರಿಯಲ್ಲಿ ಶಿರಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದ್ದಾಳೆ. ಇದೇ ಪ್ರಸಂಗವನ್ನ ಮೊದಲು ಅಮೆರಿಕದವರ ಹಾಗೆ ಕೂಗಾಡಿ ಆಡೋದು, ಆಮೇಲೆ ಬ್ರಿಟನ್ನಿನವರ ಹಾಗೆ ಮುಖ ಬಿಗಿಹಿಡಿದು ಆಡೋದು. ಕನ್ಯೆಯ ಪಾತ್ರ ದಾಮರಗಿದ್ದದ ಆ ಹುಡುಗಿಯದೇ.

"ಹುಡುಗರಿಗೆ ಶಿರಾ ಬೇಕಂತ್ರೀ" ಅಂದೆ, ಅಷ್ಟೇ. ಅತ್ತಿ ಹಿಗ್ಗಿಹೋದರು. ಒಂದು ಬೋಗುಣಿ ತುಂಬ, ತುಪ್ಪ ಸುರಿದು, ಗೋಡಂಬಿ ಹಾಕಿ ಮಾಡಿಕೊಟ್ಟರು. ನಾಟಕದ ಕಥೆ ಅವರಿಗೆ ನಾನು ಹೇಳಿರಲಿಲ್ಲ. ಜರಿ ಅಂಚಿನ ಸೀರೆಯುಟ್ಟು ಬಂದು ಮುಂದಿನ ಸಾಲಿನಲ್ಲಿ, ಮಹಬೂಬನಗರದಿಂದ ಬಂದಿದ್ದ ಮುಖ್ಯ ಅತಿಥಿಗಳ ಪಕ್ಕದ ಕುರ್ಚಿಯಲ್ಲೇ ಕೂತರು. ಆ ಸಾಹೇಬರು ತೆಲುಗಿನವರು. ಕನ್ನಡ ತಿಳೀತಿತ್ತು, ಆಡೋಕೆ ತಡವರಿಸೋರು.

ನಾಟಕ ಶುರುವಾಯ್ತು. ಬೀಗರು ಶಿರಾ ಬಾಯಿಗಿಟ್ಟರು. ಇಟ್ಟವರೇ ಥೂ ಅಂತ ಉಗುಳಿ, "ಸಾಲ್ಟ್! ಸಾಲ್ಟ್!" ಅಂತ ವೇದಿಕೆ ತುಂಬ ಓಡಾಡಿದರು. ತಾಲೀಮಿನಲ್ಲಿ ಇಷ್ಟು ಚೆನ್ನಾಗಿ ಎಂದೂ ಉಗುಳಿರಲಿಲ್ಲ. ಪರದೆಯ ಹಿಂದೆ ನಗೋಕೆಂದೇ ನಿಲ್ಲಿಸಿದ್ದ ಆರು ಹುಡುಗರು ಹೋ ಅಂದರು.

ಅತ್ತಿ ಇನ್ನೊಂದು ಪಕ್ಕದಲ್ಲಿ ಕೂತಿದ್ದ ನನ್ನ ಕಡೆ ತಿರುಗಿದರು. "ಏನನ್ನಾಕ ಹತ್ಯಾರ?"

"ಚಲೋ ಆಗೈತಿ ಅಂತಾರ್ರೀ."

"ನನಗೇನು ತಿಳೀದಿಲ್ಲೇನು? ಸಾಲ್ಟ್ ಅಂದ್ರ ಉಪ್ಪು. ಉಪ್ಪಿನ ಪಾಕೀಟಿನ ಮ್ಯಾಲೆ ಬರದಿರತೈತಿ!"

ನಾನು ಸೆರಗು ಹಿಡಿಯೋದರೊಳಗೆ ಅತ್ತಿ ಮೆಟ್ಟಿಲು ಹತ್ತಿಬಿಟ್ಟಿದ್ದರು. ಬೋಗುಣಿ ಎತ್ತಿಕೊಂಡು ಸಭೆಯ ಕಡೆ ತಿರುಗಿ ನಿಂತರು. "ನಲವತ್ತು ವರ್ಷ ಆತು ಶಿರಾ ಮಾಡಾಕ ಹತ್ತಿ. ಒಬ್ರೂ ಹೆಸರಿಟ್ಟಿಲ್ಲ. ಹುಡುಗರು ಸುಳ್ಳು ಹೇಳ್ತಾವ. ದೊಡ್ಡವರು ಹೇಳ್ಲಿ!"

ಇಳಿದು ಬಂದವರೇ ಮುಖ್ಯ ಅತಿಥಿಗಳ ಕೈಗೆ ಒಂದು ದೊಡ್ಡ ಚಮಚೆ ಶಿರಾ ಇಟ್ಟರು. ಪ್ರಿನ್ಸಿಪಾಲರು ಎದ್ದು ನಿಂತರು. ಅಷ್ಟರಲ್ಲಿ ಕನ್ಯೆಯ ಹುಡುಗಿ ವೇದಿಕೆಯ ಅಂಚಿಗೆ ಬಂದು ನನಗೆ ಪಿಸುಗುಟ್ಟಿದಳು. "ಮೇಡಂ, ಖರೇನೇ ಉಪ್ಪು ಐತ್ರೀ!"

ಆಗ ನೆನಪಾಯ್ತು. ಮುಂಜಾನೆ ಅಡಿಗೆಮನೆಯ ಹಲಗೆ ಒರೆಸಿ ಉಪ್ಪು, ಸಕ್ಕರೆಯ ಡಬ್ಬಿಗಳನ್ನ ಹಿಂದುಮುಂದು ಇಟ್ಟವಳು ನಾನೇ. ಅತ್ತಿಗೆ ಕಣ್ಣು ಮಂಜು. ಅವರು ಕೈಯಳತೆಯ ಮೇಲೆ ಡಬ್ಬಿ ತೆಗೆಯೋರು.

ತಡವಾಗಿತ್ತು. ಸಾಹೇಬರು ಬಾಯಿಗೆ ಹಾಕಿಕೊಂಡರು. ಅಗಿದರು. ಒಂದು ಕ್ಷಣ ನಿಂತರು. ಮತ್ತೆ ಅಗಿದು ನುಂಗಿದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ, ಕಣ್ಣಲ್ಲಿ ಮಾತ್ರ ನೀರಾಡಿತು. ಅತ್ತಿಗೆ ಕೈಮುಗಿದು ಹೇಳಿದರು. "ಭಾಳ ಬಾಗುಂದಮ್ಮಾ. ಚಲೋ ಐತಿ. ಸಿಹಿ ಸ್ವಲ್ಪ ಜಾಸ್ತಿ ಆಗೈತಿ, ಅಷ್ಟೇ. ನೀರು ಕೊಡಿಸ್ರಿ."

"ಕೇಳಿದ್ರಿಲ್ಲೋ!" ಅತ್ತಿ ಗೆದ್ದ ಪೈಲ್ವಾನರ ಹಾಗೆ ಸಭೆಯತ್ತ ನೋಡಿ, ಅದೇ ಖುಷಿಯಲ್ಲಿ ತಾವೂ ಒಂದು ತುತ್ತು ಬಾಯಿಗೆ ಹಾಕಿಕೊಂಡರು.

ಬಾಯಿ ನಿಂತಿತು. ಅತ್ತಿ ನನ್ನನ್ನ ನೋಡಿದರು. ಬೋಗುಣಿ ನೋಡಿದರು. ಹುಡುಗರು, ಮೇಷ್ಟ್ರುಗಳು, ತಂದೆತಾಯಿಗಳು ಎಲ್ಲರೂ ಅವರ ಗಂಟಲನ್ನೇ ನೋಡ್ತಿದ್ದರು. ಉಗುಳ್ತಾರೆ ಅಂದುಕೊಂಡೆ. ಅತ್ತಿ ಬೆನ್ನು ನೆಟ್ಟಗೆ ಮಾಡಿ, ಗುಟುಕ್ಕನೆ ನುಂಗಿದರು. ಸೆರಗು ಸರಿಮಾಡಿಕೊಂಡು ಸಾಹೇಬರ ಹತ್ತಿರ ಹೋಗಿ, ಅವರ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು:

"ನಿಮ್ಮವ್ವ ನಿಮ್ಮನ್ನ ಭಾಳ ಚಲೋ ಬೆಳೆಸ್ಯಾಳಪ್ಪಾ."