ಪಡುವಣ ಮನೆಗೆ ಹೋದ ಗಂಟು

ಗುರುವಾರ ಬೆಳಿಗ್ಗೆ ಪ್ರವಾಸಿ ಹಡಗಿನ ಕಂಪನಿಯಿಂದ ಬಂದ ಸಂದೇಶವೇ ಎಲ್ಲಕ್ಕೂ ಮೂಲ. ಹಡಗು ಹತ್ತಲು ಮರುದಿನ ಮುಂಬೈಗೆ ಹೊರಡಬೇಕು; ಬೇಡವೆನ್ನುವವರು ಸಂಜೆಯೊಳಗೆ ತಿಳಿಸಬೇಕು. ಹಡಗಿನಲ್ಲಿ ಮಾಸ್ಕ್ ತೆಗೆಯುವಂತಿಲ್ಲ, ಗುಂಪುಗೂಡುವಂತಿಲ್ಲ; ಒಬ್ಬರಿಗೆ ಕೊರೊನಾ ಕಂಡರೂ ಇಡೀ ಕುಟುಂಬ ಕೋಣೆಯೊಳಗೇ ಇರಬೇಕು.

“ಕೋಣ್ಯಾಗ ಕುಂದ್ರಾಕ ಮುಂಬೈತನ ಯಾಕ ಹೋಗಬೇಕ್ರಿ? ನಮ್ಮ ಮಿಯಾಪುರದ ಮನ್ಯಾಗ ಕೋಣಿ ಇಲ್ಲೇನು?” ಎಂದಳು ಆನಂದಕುಮಾರನ ಹೆಂಡತಿ ಉಮಾಶ್ರೀ.

ಕೊರೊನಾದ ಮೊದಲ ಅಲೆಯಲ್ಲಿ ಆನಂದಕುಮಾರನ ಅಪ್ಪ ತೀರಿಕೊಂಡ ಮೇಲೆ, ಲಸಿಕೆಗೆಂದು ಎಳೆದೊಯ್ದದ್ದು ಬಿಟ್ಟರೆ, ಅವ್ವ ಬಸಲಿಂಗಮ್ಮ ಹೊಸ್ತಿಲು ದಾಟಿರಲಿಲ್ಲ. ಒಮ್ಮೆ ಮಾತ್ರ, “ಸಮುದ್ರ ತೋರಸ್ತೀನಿ ಅಂದಿದ್ರು ನಿಮ್ಮಪ್ಪ” ಎಂದಿದ್ದಳು. ಅಷ್ಟಕ್ಕೇ ಮಗ ಹಡಗು ಗೊತ್ತುಮಾಡಿದ್ದ. ಅವ್ವ ತಾನಾಗಿ ಹೊರಗೆ ಕಾಲಿಡುವುದನ್ನು ಕಣ್ಣಾರೆ ನೋಡಬೇಕು, ಅವನಿಗೆ ಬೇರೇನೂ ಬೇಕಿರಲಿಲ್ಲ.

ಮಾತು ಗೋಡೆ ದಾಟಿತು. ಪಕ್ಕದ ಫ್ಲ್ಯಾಟಿನ ಒಂಟಿಜೀವ, ನಿವೃತ್ತ ಗುಮಾಸ್ತ ಶಿವಶರಣಪ್ಪನವರು ತಮ್ಮ ಬಾಲ್ಕನಿಯಿಂದ ಕತ್ತು ಚಾಚಿದರು.

“ಹಡಗಿನ್ಯಾಗ ಯಾರ ಮೈಯಾಗ ಏನೈತೋ ಯಾರಿಗೆ ಗೊತ್ರಿ? ಭಾಳ ವಿಚಾರ ಮಾಡ್ರಿ!”

ಮೇಲಿನ ಮನೆಯ ಪಾರ್ವತೆಮ್ಮ ಫೋನು ಮಾಡಿ, ಹಡಗಿನ ಊಟ ಭಾಳ ಚಲೋ, ಹೋಗಲೇಬೇಕು ಎಂದರು. ಊಟದ ಹೊತ್ತಿಗೆ ಆನಂದಕುಮಾರನ ತಲೆ ಎಮ್ಮೆ ಇಳಿದ ಕೆರೆಯಂತೆ ಕದಡಿತ್ತು.

ಆಗ ಅವ್ವ ಬಾಯಿಬಿಟ್ಟಳು. “ಶುಕ್ರವಾರ ಪಡುವಲಕ್ಕ ಹೋಗಬಾರದಪ್ಪ. ಇವತ್ತs ಗಂಟು ಇಟ್ಟು ಬಾ.”

ಹೊರಡುವ ದಿನ ಒಳ್ಳೆಯದಲ್ಲದಿದ್ದರೆ ಮುನ್ನಾದಿನವೇ ಒಂದು ಗಂಟನ್ನು ಆ ದಿಕ್ಕಿನವರ ಮನೆಯಲ್ಲಿ ಇಟ್ಟು ಬರುವುದು ಅವರ ಕಡೆಯ ರೂಢಿ. ಗಂಟು ಹೋದರೆ ಪಯಣ ಹೊರಟಂತೆಯೇ. ಅಂದರೆ ಅವ್ವ ಒಪ್ಪಿದ್ದಳು! ಆನಂದಕುಮಾರ ಕೂಡಲೇ ಎದ್ದ. ಅವಳ ಸೀರೆಗಳ ಗಂಟು ಹೊತ್ತು ಪಡುವಣಕ್ಕೆ ನಡೆದ. ಪಡುವಣಕ್ಕಿದ್ದದ್ದು ಶಿವಶರಣಪ್ಪನವರ ಮನೆಯೊಂದೇ.

“ಹೊಂಟೇ ಬಿಟ್ರಿ? ಕುಂದ್ರಿ, ಚಾ ಕುಡದು ಹೋಗ್ರಿ.”

ಚಹಾ ಕುಡಿಯಲು ಮಾಸ್ಕ್ ತೆಗೆಯಲೇಬೇಕಲ್ಲ. ಹಡಗಿನ ಅಪಾಯಗಳನ್ನು ಅವರು ಮತ್ತೆ ಮೊದಲಿಂದ ವಿವರಿಸಿದರು, ನಡುನಡುವೆ ಮೂಗು ಒರೆಸಿಕೊಳ್ಳುತ್ತ.

ಆನಂದಕುಮಾರ ಮನೆಗೆ ಮರಳಿ ಚಪ್ಪಲಿ ಬಿಡುವಷ್ಟರಲ್ಲಿ ಬಾಲ್ಕನಿಯಿಂದ ಕೂಗು. “ಆನಂದಕುಮಾರ್! ನಿನ್ನೆ ಟೆಸ್ಟ್ ಕೊಟ್ಟಿದ್ದೆ. ಪಾಸಿಟಿವ್ ಬಂದೈತಿ ನೋಡ್ರಿ!”

“ಮೊದಲs ಹೇಳಬಾರದೇನ್ರಿ?”

“ರಿಸಲ್ಟ್ ಬರೂದಕ್ಕ ಮುಂಚೆ ಸುಮ್ನ ಮಂದೀನ ಯಾಕ ಹೆದರಸೂದು ಅಂತ!”

ಉಮಾಶ್ರೀ ಗಂಡನನ್ನು ಮೂಲೆಯ ಕೋಣೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದಳು. ಬರುವುದಿಲ್ಲವೆಂದು ಹಡಗಿನವರಿಗೂ ಅವಳೇ ತಿಳಿಸಿದಳು. ಆನಂದಕುಮಾರ ಮಂಚದ ಮೇಲೆ ಕೂತು ಅತ್ತುಬಿಟ್ಟ. ಒಮ್ಮೆ ಒಪ್ಪಿದ ಅವ್ವ ಇನ್ನೊಮ್ಮೆ ಒಪ್ಪುವಳೇ?

ಇಳಿಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು, ಮಾತು.

“ಅತ್ತಿ, ನೀವ್ಯಾಕ? ಗಂಜಿ ನಾ ಇಟ್ಟು ಬರ್ತೀನಿ.”

“ಬ್ಯಾಡ, ನಾನs ಅವರ ಬಾಗಲದಾಗ ಇಟ್ಟು ಬರ್ತೀನಿ. ಶಿವಶರಣಪ್ಪ ಒಬ್ಬರs ಅದಾರ. ನಿಮ್ಮ ಮಾವಾರೂ ಹಿಂಗs ಒಬ್ಬರs ಮಲಗಿದ್ರು. ಒಂದು ಗುಟುಕು ಗಂಜಿ ಕುಡಸಾಕ ಆಗಲಿಲ್ಲ ನನಗ.”

ಮುಂಬಾಗಿಲು ತೆರೆದ ಸದ್ದು ಕೇಳಿಸಿತು. ಆನಂದಕುಮಾರ ಕದ ಬಡಿದ.

“ಉಮಾ, ಚಿಲಕ ತಗಿ! ಅವ್ವ ಹೊರಗ ಹೋಗೂದು ನಾ ನೋಡಬೇಕು!”

“ಸುಮ್ನ ಒಳಗ ಕುಂದ್ರಿ,” ಎಂದಳು ಉಮಾಶ್ರೀ. “ನಾ ನೋಡಾಕತ್ತೀನಿ. ಅತ್ತಿ ಹೊಸ್ತಿಲಾ ದಾಟಿದ್ರು.”