ಬಲಕ್ಕೆ ಮೂರು ನಿರಿಗೆ, ಎಡಕ್ಕೆ ಎರಡು

ನನಗೆ ಯಾರ ಮೇಲೂ ಸುಲಭವಾಗಿ ಗೌರವ ಹುಟ್ಟುವುದಿಲ್ಲ. ಇದೊಂದು ದೊಡ್ಡ ದೋಷ ಎಂದು ನಮ್ಮ ಮನೆಯವರು ಹೇಳುತ್ತಾರೆ. ಇಪ್ಪತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರಿಗೆ ಬರುವ ರೋಗ ಎಂದು ನಾನು ಹೇಳುತ್ತೇನೆ. ಬೆಳಗಿನಿಂದ ತಪ್ಪು ಉತ್ತರ ನೋಡಿ ನೋಡಿ ದಣಿದ ಕಣ್ಣು ಸಂಜೆ ಮನೆಗೆ ಬಂದ ಕೂಡಲೇ ಕರುಣೆಯಿಂದ ತುಂಬಿಕೊಳ್ಳಬೇಕೆಂದರೆ ಹೇಗೆ? ಮದುವೆಗೆ ಹೋದರೆ ನನಗೆ ವಧೂವರರಿಗಿಂತ ಮೊದಲು ಓರೆಯಾಗಿ ಕಟ್ಟಿದ ತೋರಣ ಕಾಣುತ್ತದೆ. ಟ್ರ್ಯಾಕ್ಟರು ಎದುರು ಬಂದರೆ ಪ್ರಾಣಭಯಕ್ಕಿಂತ ಮೊದಲು ಅದರ ಹಣೆಯ ಮೇಲೆ ಬರೆದ ಕಾಗುಣಿತದ ತಪ್ಪು ಕಾಣುತ್ತದೆ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಬಸವನ ಬಾಗೇವಾಡಿಯ ನಮ್ಮ ಓಣಿಯಲ್ಲಿ ‘ಅಕ್ಕೋರು ಬಂದ್ರು’ ಎಂದು ಯಾರಾದರೂ ಪಿಸುಗುಟ್ಟಿದರೆ, ಹೆಂಗಸರು ಅಂಗಳದ ರಂಗೋಲಿಯನ್ನು ಇನ್ನೊಮ್ಮೆ ನೋಡಿಕೊಳ್ಳುತ್ತಾರೆ. ಅದು ಗೌರವವಲ್ಲ ಎಂಬುದು ನನಗೂ ಗೊತ್ತು.

ಇಂಥ ನಾನು ಈ ಭೂಮಿಯ ಮೇಲೆ ಎಲ್ಲಕ್ಕಿಂತ ಹೆಚ್ಚು ತಾತ್ಸಾರ ಇಟ್ಟುಕೊಂಡದ್ದು ಟೇಲರುಗಳ ಮೇಲೆ. ನಮ್ಮ ಟೇಲರ್ ‘ಬುಧವಾರ ಬರ್ರಿ ಅಕ್ಕೋರ’ ಅನ್ನುತ್ತಾನೆ. ಯಾವ ತಿಂಗಳ ಬುಧವಾರ ಎಂದು ಹೇಳುವುದಿಲ್ಲ. ಕಳೆದ ವರ್ಷ ಅವನು ಹೊಲಿದ ಚೂಡಿದಾರದೊಳಗೆ ನಾನು ಹೊಕ್ಕರೆ ಇನ್ನೊಬ್ಬರಿಗೂ ಜಾಗ ಉಳಿಯುತ್ತಿತ್ತು. ನಾನು ಪಿಯುಸಿಯಲ್ಲಿ ಹೇಗಿದ್ದೆನೋ ಈಗಲೂ ಹಾಗೇ ಕಡ್ಡಿ. ಎಲ್ಲದರಲ್ಲೂ ತಪ್ಪು ತೆಗೆಯುವವರಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ ಎಂದು ಬಂಧುಬಳಗದಲ್ಲಿ ಮಾತಿದೆ. ಚೂಡಿದಾರ ಹಿಡಿದುಕೊಂಡು ಹೋಗಿ ಕೇಳಿದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ‘ಅಕ್ಕೋರ, ನೀವು ಚೂರು ಮೈ ತುಂಬಕೋರಿ, ಬರೊಬ್ಬರಿ ಆಗ್ತೈತಿ’ ಅಂದ. ಬಟ್ಟೆಯ ತಪ್ಪನ್ನು ಗಿರಾಕಿಯ ಮೈಯಲ್ಲಿ ತಿದ್ದುವ ಈ ವಿದ್ಯೆಯನ್ನು ಅವನಿಗೆ ಯಾರು ಕಲಿಸಿದರೋ. ಹೊಸದಾಗಿ ತೆರೆದ ಬೂಟಿಕ್ಕಿಗೆ ಹೋದೆ. ಬಾಗಿಲಲ್ಲಿ ತಲೆಯಿಲ್ಲದ ಬೊಂಬೆಯೊಂದಕ್ಕೆ ಗೌನು ತೊಡಿಸಿ ನಿಲ್ಲಿಸಿದ್ದರು. ಅದರ ಬೆಲೆ ಕೇಳಿದ ಮೇಲೆ, ಅದನ್ನು ಕೊಳ್ಳುವವರೂ ತಲೆಯಿಲ್ಲದವರೇ ಆಗಿರಬೇಕು ಎಂದು ಖಾತ್ರಿಯಾಯಿತು. ಅಲ್ಲಿಂದ ಹೊರಬೀಳುತ್ತಲೇ ತೀರ್ಮಾನಿಸಿದೆ, ನನ್ನ ಬಟ್ಟೆ ನಾನೇ ಹೊಲಿದುಕೊಳ್ಳುತ್ತೇನೆ. ಹೊಲಿಗೆಯೆಂದರೇನು? ಅರ್ಧ ರೇಖಾಗಣಿತ, ಇನ್ನರ್ಧ ಸೂಜಿ. ತವರಿನಿಂದ ಬಂದ ಮಷಿನು ಮನೆಯಲ್ಲಿತ್ತು. ಮದುವೆಯಾದಾಗಿನಿಂದ ಅದು ಒಗೆದ ಬಟ್ಟೆ ಪೇರಿಸುವ ಮೇಜಾಗಿ ಸೇವೆ ಸಲ್ಲಿಸುತ್ತಿತ್ತು.

ಕಲಿಯುವ ಕೈಗೆ ಹೊಸ ಬಟ್ಟೆ ಕೊಡುವಷ್ಟು ಮೂರ್ಖಳು ನಾನಲ್ಲ. ಸಿಂದಗಿಯ ಸಂತೆಯಲ್ಲಿ ಹುಸೇನಬಿ ಎಂಬ ಹೆಂಗಸು ಹಳೆಯ ಸೀರೆ ಮಾರುತ್ತಾಳೆ. ಊರೂರು ತಿರುಗಿ, ಮನೆಮನೆಗೆ ಸ್ಟೀಲಿನ ಪಾತ್ರೆ ಕೊಟ್ಟು ಹಳೆ ಬಟ್ಟೆ ತೆಗೆದುಕೊಂಡು, ಅವನ್ನು ಒಗೆದು ಮಡಿಚಿ ಸಂತೆಯಲ್ಲಿ ಹರವಿ ಕೂಡುವುದು ಅವಳ ಕಸುಬು. ನಾನು ಮೂಗಿನ ತುದಿಗೆ ಕನ್ನಡಕ ಏರಿಸಿ ಒಂದೊಂದೇ ಸೀರೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದೆ.

‘ಪಗಾರದಾರ ಇದ್ದೀರಿ, ಹೊಸಾದ ತಗೋಬಾರದೇನ್ರಿ ಅಕ್ಕೋರ?’ ಅಂದಳು.

‘ಹೊಸಾದು ಬಣ್ಣ ಬಿಡ್ತೈತಿ, ಗಿಡ್ಡ ಆಗ್ತೈತಿ’ ಅಂದೆ, ಜಾಣತನದಿಂದ.

‘ಅದು ಖರೇ. ಇವು ಬಿಡೂ ಬಣ್ಣಾ ಎಲ್ಲಾ ಯಾರದರೆ ಮನ್ಯಾಗ ಬಿಟ್ಟ ಬಂದಾವು. ನೀವು ಈಗ ಹಿಡದೀರಲ್ಲಾ, ಅದು ತೊಡಿ ಕಡೆ ಜಾಳ ಐತಿ. ಇಕಾ, ಇದನ್ನ ಒಯ್ರಿ’ ಎಂದು ಬದನೆಕಾಯಿ ಬಣ್ಣದ, ಬಿಳಿ ಚುಕ್ಕೆಯ ಒಂದು ಮೆತ್ತನೆಯ ನೂಲಿನ ಸೀರೆಯನ್ನು ಎಳೆದು ಕೊಟ್ಟಳು. ನಾನು ಅಷ್ಟು ಪರೀಕ್ಷಿಸಿಯೂ ಕಾಣದ, ನೂಲು ಸವೆದ ಜಾಳನ್ನು ಅವಳು ಎದುರಿನಿಂದ, ತಲೆಕೆಳಗಾಗಿ ನೋಡಿ ಹೇಳಿದ್ದು ನನಗೆ ಸರಿಬರಲಿಲ್ಲ. ಆದರೂ ಅವಳು ಕೊಟ್ಟದ್ದನ್ನೇ ತೆಗೆದುಕೊಂಡೆ.

ಇನ್ನು ಬೇಕಾದದ್ದು ಅಳತೆಯ ಮಾದರಿ. ಇಂಡಿ ಊರಿನಲ್ಲಿ ನಮ್ಮ ಗಂಗತ್ತಿ ಇದ್ದಾಳೆ, ನನ್ನ ತಂದೆಯ ತಂಗಿ. ಒಂದು ಕಾಲಕ್ಕೆ ಊರಿನ ಅರ್ಧ ಹುಡುಗಿಯರಿಗೆ ಮನೆಯ ಪಡಸಾಲೆಯಲ್ಲೇ ಹೊಲಿಗೆ ಕಲಿಸಿದವಳು. ನನ್ನ ಸ್ವಭಾವ ಯಾರಿಂದ ಬಂತು ಎಂದು ಬಂಧುಗಳು ಸಂಶೋಧನೆ ಮಾಡುವಾಗ ಎಲ್ಲರ ಬೆರಳೂ ಅವಳ ಕಡೆಗೇ ಹೋಗುತ್ತದೆ. ಈಗ ಕಣ್ಣು ಮಂಜು, ನಾಲಿಗೆ ಸ್ವಚ್ಛ. ನಾನು ಹೋಗಿ ವಿಷಯ ಹೇಳಿದ ಕೂಡಲೇ, ‘ಬ್ಯಾರೆದವರು ಹೊಲದದ್ದಕ್ಕ ಬೆರಳ ತೋರಸೂ ಕೈ ಅದು. ಕತ್ತರಿ ಹಿಡೀತೈತೇನು?’ ಎಂದು ನನ್ನ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಕಬ್ಬಿಣದ ಟ್ರಂಕು ತೆಗೆಸಿದಳು. ಒಳಗೆ ಖಾಕಿ ಕಾಗದದಲ್ಲಿ ಕತ್ತರಿಸಿದ ಅಂಗಿ, ಲಂಗ, ಮ್ಯಾಕ್ಸಿಗಳ ಮಾದರಿಗಳು. ಒಂದೊಂದು ಕಟ್ಟಿನ ಮೇಲೂ ಪೆನ್ಸಿಲ್ಲಿನಲ್ಲಿ ಹುಡುಗಿಯ ಹೆಸರು. ‘ಪೋಸ್ಟಮಾಸ್ತರ ನಡುವಿನ ಮಗಳು’, ‘ಕಮಲಿ, ಗೂನು ಹೆಗಲು’, ‘ಗಿರಣಿ ಮನಿ ಸರೋಜಾ’. ಮೂವತ್ತು ನಲವತ್ತು ವರ್ಷಗಳ ಹಿಂದೆ ಇಂಡಿಯಲ್ಲಿ ಯಾರ ಹೆಗಲು ಹೇಗಿತ್ತು ಎಂಬುದೆಲ್ಲ ಆ ಟ್ರಂಕಿನಲ್ಲಿ ಭದ್ರವಾಗಿತ್ತು. ಟೇಪು ಹಿಡಿದು ಹುಡುಕಿದಾಗ ನನ್ನ ಅಳತೆಗೆ ಸರಿಹೊಂದಿದ್ದು ಗಿರಣಿ ಮನೆಯ ಸರೋಜಾಳ ಮ್ಯಾಕ್ಸಿ. ಕೊರಳ ಕೆಳಗೆ ಅರ್ಧಚಂದ್ರದ ಪಟ್ಟಿ, ಅದರಿಂದ ಕೆಳಗಿಳಿಯುವ ನಿರಿಗೆ, ಕಾಲಿನವರೆಗೆ ಅಗಲವಾಗಿ ಹರಡುವ ಘೇರು. ಬೂಟಿಕ್ಕಿನ ಬೊಂಬೆ ತೊಟ್ಟದ್ದೂ ಹೆಚ್ಚೂಕಡಿಮೆ ಇದೇ.

‘ಕಾಗದದ ಅಂಚಿಗೆ ಹೊಲಿಗಿ ಜಾಗಾ ಇಲ್ಲ, ಅರ್ಧ ಇಂಚು ಬಿಟ್ಟು ಕತ್ತರಿಸು. ಅದರಾಗಿಂದು ಒಂದೂ ತುಂಡು ಬಿಡಬ್ಯಾಡ’ ಎಂದು ಅತ್ತಿ ಹೇಳಿದಳು. ನಾನು ಹೂಂ ಅಂದೆ. ಬೇರೆಯವರ ಸೂಚನೆಗೆ ನಾನು ಅನ್ನುವ ಹೂಂ ಎಂಥದು ಎಂದು ನನ್ನ ಗಂಡನಿಗೆ ಗೊತ್ತು, ಗಂಗತ್ತಿಗೆ ಗೊತ್ತಿರಲಿಲ್ಲ.

ಮೊದಲು ಹಳೆಯ ಹಾಸಿಗೆ ಚಾದರದ ಮೇಲೆ ಪ್ರಯೋಗ ಮಾಡಿದೆ. ಗಣಿತದವರ ಕತ್ತರಿ, ಕಾಗದದ ಅಂಚಿಗೆ ಕೂದಲೆಳೆ ತಪ್ಪದಂತೆ ಕತ್ತರಿಸಿದೆ. ಹೊಲಿದ ಮೇಲೆ ನಾನು ಅದರಲ್ಲಿ ತಲೆ ಹಾಕಿದೆ, ಒಂದು ಕೈ ಹಾಕಿದೆ, ಅಲ್ಲಿಗೆ ನಿಂತಿತು. ಗಂಡ ಓಡಿ ಬಂದು ಎಳೆದು ಬಿಡಿಸಿದರು. ‘ಅರ್ಧ ಇಂಚು’ ಎಂದು ಗೊಣಗಿಕೊಳ್ಳುತ್ತ ಹುಸೇನಬಿಯ ಸೀರೆಯನ್ನು ಹರಡಿದೆ. ಈ ಸಲ ಎರಡು ವಾರ ಹಿಡಿಯಿತು, ಆದರೆ ಬಂತು. ನಿಜವಾಗಿಯೂ ಬಂತು. ಕನ್ನಡಿಯ ಮುಂದೆ ನಿಂತು ನನ್ನಲ್ಲಿ ನಾನೇ ತಪ್ಪು ಹುಡುಕಿದೆ, ಸಿಕ್ಕದ್ದು ಒಂದೇ. ನಿರಿಗೆ ಬಲಕ್ಕೆ ಮೂರಿದ್ದವು, ಎಡಕ್ಕೆ ಎರಡೇ. ಗಂಗತ್ತಿಗೆ ಎಣಿಕೆ ಬರುವುದಿಲ್ಲ ಎಂದು ತಿಳಿದು ನನಗಾದ ಸಂತೋಷವನ್ನು ಬಚ್ಚಿಡುವುದಿಲ್ಲ. ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಸಾರಿದೆ: ‘ಅಂಗಡಿಯಿಂದ ಬಟ್ಟೆ ತರುವವರು ಕುರಿಗಳು. ನನ್ನದು ನೋಡಿ. ಇದರಲ್ಲಿರುವ ಒಂದೇ ಒಂದು ತಪ್ಪು, ಕಲಿಸಿದವಳದು.’

ಆ ಉಡುಪಿನಲ್ಲೇ ಮುದ್ದೇಬಿಹಾಳಕ್ಕೆ ಹೋದೆ. ಮೈದುನ ಹೊಸ ಮನೆ ಕಟ್ಟಿಸಿದ್ದ, ವಾಸ್ತುಶಾಂತಿ. ರೇಷ್ಮೆ ಸೀರೆಗಳ ನಡುವೆ ನಾನೊಬ್ಬಳೇ ಬದನೆಕಾಯಿ. ಯಾರಾದರೂ ಕೇಳಲಿ ಎಂದು ಕಾದು, ಯಾರೂ ಕೇಳದಿದ್ದಾಗ ನಾನೇ ಹೇಳುತ್ತ ಓಡಾಡಿದೆ. ಊಟದ ಪಂಕ್ತಿಯಲ್ಲಿ ಎದುರಿಗೆ ಕುಳಿತಿದ್ದ, ಅರವತ್ತರ ಆಸುಪಾಸಿನ ದೊಡ್ಡ ಮೈಯ ಹೆಂಗಸೊಬ್ಬರು ಹೋಳಿಗೆ ಬಿಟ್ಟು ನನ್ನ ಎದೆಯ ಮೇಲೇ ಕಣ್ಣು ನೆಟ್ಟಿದ್ದರು. ಮೈದುನನ ಪಕ್ಕದ ಮನೆಯವರಂತೆ. ಕೈ ತೊಳೆಯುವಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, ಒದ್ದೆ ಬೆರಳಿನಿಂದ ನಿರಿಗೆ ಎಣಿಸಿದರು.

‘ಬಲಕ್ಕ ಮೂರು. ಎಡಕ್ಕ ಎರಡು. ಇದು ಇಂಡಿ ಗಂಗಕ್ಕನ ಕಟಿಂಗ್ ಹೌದಲ್ರಿ?’

ನಾನು ಬೆರಗಾಗಿ ಹೌದೆಂದೆ.

‘ಇದು ನಂದ್ರಿ. ನಾ ಗಿರಣಿ ಮನಿ ಸರೋಜಾ’ ಅಂದರು. ಅಂದವರೇ ನನ್ನ ಎಡ ಸೊಂಟದ ಹೊಲಿಗೆಯ ಗುಂಟ ಕೈಯಾಡಿಸಿದರು. ಮೇಲಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ. ‘ಕಿಸೆ ಎಲ್ಲೈತ್ರಿ?’

‘ಯಾವ ಕಿಸೆ?’

‘ಎಡಗಡೆ ಒಳಕಿಸೆ. ಅದಕ್ಕಽ ಅಲ್ಲೇನು ಒಂದು ನಿರಿಗಿ ಕಡಿಮಿ ಹಿಡದದ್ದು? ಹಟಾ ಮಾಡಿ ಕೇಳಿದ್ದೆ ಗಂಗಕ್ಕನ್ನ. ಹೆಣ್ಣಮಕ್ಕಳ ಅಂಗಿ-ಅರಿವಿಗೆ ಕಿಸೆ ಯಾರೂ ಇಡ್ತಿದ್ದಿಲ್ಲ ಆವಾಗ. ಕಾಗದ ಕತ್ತರಿಸಿದ್ರು, ಅರಿವಿ ತಂದಿದ್ವಿ. ಅಷ್ಟರಾಗ ಮದಿವಿ ಗೊತ್ತಾತು. ಅಪ್ಪಾ ಸೀರಿ ಉಟ್ಟರ ಸಾಕು ಅಂದ. ಆ ಅರಿವೀಲೆ ತಲಿದಿಂಬಿನ ಚೀಲಾ ಹೊಲದು ನನ್ನ ಜೋಡಿನಽ ಕಳಿಸಿದ್ರು.’

ಅವರು ಅಳಲಿಲ್ಲ. ಕೈಯನ್ನು ನನ್ನ ಸೊಂಟದಿಂದ ತೆಗೆದು ಸೆರಗಿಗೆ ಒರೆಸಿಕೊಂಡರು, ಅಷ್ಟೇ. ನಾನು ಮಾತ್ರ ಅಲ್ಲಿ ನಿಲ್ಲಲಾರದೆ ಹೋದೆ. ಏಕೆಂದರೆ ಅತ್ತಿ ಕೊಟ್ಟ ಮಾದರಿಯ ಕಟ್ಟಿನಲ್ಲಿ ಮಾವಿನಕಾಯಿ ಆಕಾರದ ಒಂದು ಸಣ್ಣ ಕಾಗದ ಇತ್ತು. ಎಲ್ಲಿಗೂ ಹೊಂದದ್ದನ್ನು ನೋಡಿ, ಮುದುಕಿಯ ಗೊಂದಲ ಇದು ಎಂದು ನಕ್ಕು, ಅದರಿಂದ ಮಷಿನಿನ ಎಣ್ಣೆ ಒರೆಸಿ ಒಲೆಗೆ ಹಾಕಿದ್ದೆ.

ಮುಂದಿನ ರಜೆಗೆ ಇಂಡಿಗೆ ಹೋಗಿ ಅತ್ತಿಯ ಮುಂದೆ ತಪ್ಪೊಪ್ಪಿಕೊಂಡೆ. ಸರೋಜಕ್ಕನಿಗೆ ಅವರ ಮ್ಯಾಕ್ಸಿ ನಾನು ಹೊಲಿದುಕೊಡುತ್ತೇನೆ, ಕಿಸೆಯ ಮಾದರಿ ಇನ್ನೊಮ್ಮೆ ಬರೆದುಕೊಡು ಅಂದೆ. ಅತ್ತಿ ಬೈಯಲಿಲ್ಲ. ಬೈಯದಿದ್ದಾಗ ಅವಳು ಇನ್ನೂ ಭಯಂಕರ. ‘ಗಣಿತ ಕಲಸ್ತಿ ಅಂತಿ. ಮೂರು ಮತ್ತು ಎರಡು ಯಾಕ ಐತಿ ಅಂತ ಕೇಳಬೇಕಂತ ಅನಸಲಿಲ್ಲಾ ನಿನಗ?’ ಅಂದಳು. ನಾನು ತರಗತಿಯಲ್ಲಿ ನಿಂತ ಹುಡುಗಿಯಂತೆ ಕಾಲುಬೆರಳು ನೋಡಿದೆ. ‘ಫೋನ್ ಹಚ್ಚು ಆಕಿಗೆ’ ಅಂದಳು. ಹಚ್ಚಿದೆ. ನಲವತ್ತು ವರ್ಷದ ಮೇಲೆ ಇಬ್ಬರೂ ಮಾತಾಡುತ್ತಾರೆ, ಕರವಸ್ತ್ರ ಬೇಕಾದೀತು ಎಂದು ನಾನು ಸಿದ್ಧಳಾಗಿ ಕುಳಿತೆ. ಅತ್ತಿ ಫೋನು ಕಿವಿಗೆ ಹಿಡಿದು, ‘ಸರೂ, ಕೈ ಎಷ್ಟ ದೊಡ್ಡದಾಗ್ಯಾವು? ಗೇಣು ಹಾಕಿ ನೋಡಿ ಹೇಳು. ಸೊಂಟದ ಅಳತಿನೂ ಹೇಳು, ನಾಚಬ್ಯಾಡ’ ಅಂದಳು. ಆ ಕಡೆಯಿಂದ ನಗು ಕೇಳಿಸಿತು. ಆಮೇಲೆ ಅಳತೆಗಳು ಬಂದವು. ಅತ್ತಿ ಬರಿ ಬೆರಳಿನಿಂದ ಕಾಗದದ ಮೇಲೆ ಗೆರೆ ತೋರಿಸಿದಳು, ನಾನು ಪೆನ್ಸಿಲ್ಲಿನಿಂದ ಎಳೆದೆ. ಪ್ರಶ್ನೆ ಕೇಳಿದೆ, ಪ್ರತಿ ಗೆರೆಗೂ.

ಹುಸೇನಬಿಯ ಹತ್ತಿರ ಒಂದೇ ಬಣ್ಣದ ಎರಡು ಸೀರೆ ತಂದೆ. ಸರೋಜಕ್ಕನಿಗೆ ಒಂದು ಸಾಲದು. ಹೊಲಿದು ಮುದ್ದೇಬಿಹಾಳಕ್ಕೆ ಒಯ್ದೆ. ನಿಜ ಹೇಳಬೇಕೆಂದರೆ ದಾರಿಯುದ್ದಕ್ಕೂ ನನಗೆ ಒಂದೇ ಕುತೂಹಲ. ಹದಿನೇಳರ ಹುಡುಗಿ ಹಟ ಹಿಡಿದು ಮಾಡಿಸಿಕೊಂಡ ಗುಟ್ಟಿನ ಕಿಸೆ ಅದು. ಏನಿಡಲು ಬೇಕಿತ್ತು? ಯಾರದೋ ಪತ್ರ ಇರಬೇಕು, ಯಾರದೋ ಸಣ್ಣ ಫೋಟೋ ಇರಬೇಕು ಎಂದು ಬಸ್ಸಿನಲ್ಲಿ ಕುಳಿತು ನಾನೇ ಒಂದು ಕಥೆ ಕಟ್ಟಿ, ಅದಕ್ಕೆ ಕಣ್ಣೂ ಒದ್ದೆ ಮಾಡಿಕೊಂಡಿದ್ದೆ. ಸರೋಜಕ್ಕ ಉಡುಪನ್ನು ತೊಟ್ಟುಕೊಂಡು ಬಂದು, ಕಿಸೆಯಲ್ಲಿ ಮಣಿಕಟ್ಟಿನವರೆಗೆ ಕೈ ಇಳಿಬಿಟ್ಟು ನಿಂತಾಗ ಮೆಲ್ಲಗೆ ಕೇಳಿದೆ.

‘ಶೇಂಗಾ’ ಅಂದರು.

‘ಶೇಂಗಾ?’

‘ಹುರದ ಶೇಂಗಾ. ನಮ್ಮಜ್ಜಿ ಹೆಣ್ಣಮಕ್ಕಳು ಎಷ್ಟ ತಿಂತಾವು ಅಂತ ನೋಡ್ಕೋತಽ ಕೂಡ್ತಿದ್ಲು. ಅಣ್ಣನ ಚೊಣ್ಣಕ್ಕ ಎರಡೆರಡು ಕಿಸೆ, ತುಂಬಕೊಂಡು ಹೋಗಾಂವ. ನಾ ಮುಷ್ಟಿಯೊಳಗ ಎಷ್ಟ ಹಿಡೀಲಿ? ನೀವೇನು ಲವ್ ಲೆಟರ್ ಅಂದ್ಕೊಂಡ್ರೇನ್ರಿ?’ ಎಂದು ನನ್ನನ್ನು ನೋಡಿದ ನೋಟವಿದೆಯಲ್ಲ, ಅಂಥ ನೋಟದಿಂದ ನಾನು ಎಷ್ಟೋ ಮಕ್ಕಳನ್ನು ಬೆಂಚಿನ ಮೇಲೆ ಕೂಡಿಸಿದ್ದೇನೆ.

ಆಮೇಲೆ ಅವರು ಉಡುಪಿನ ಅಂಚನ್ನು ಒಳಮಗ್ಗಲು ತಿರುಗಿಸಿ ನೋಡಿದರು. ತೋಳು ಬಗಲಲ್ಲಿ ಎಳೆಯುತ್ತದೆ ಅಂದರು. ಕೆಳಗಿನ ಮಡಿಕೆ ಹಾವಿನಂತೆ ಹರಿದಾಡಿದೆ ಅಂದರು. ಕೊರಳ ಪಟ್ಟಿಯ ಅರ್ಧಚಂದ್ರ ಅಮಾವಾಸ್ಯೆಯ ಕಡೆಗೆ ಹೊರಟಿದೆ ಅಂದರು. ಎಲ್ಲವೂ ನಿಜವಾಗಿತ್ತು, ಅದೇ ಸಂಕಟ. ಆದರೂ ತೊಟ್ಟದ್ದನ್ನು ಕಳಚಲಿಲ್ಲ. ಅದರಲ್ಲೇ ಹೊರಗೆ ಕಟ್ಟೆಗೆ ಹೋಗಿ ಕುಳಿತರು. ಓಣಿಯ ಹೆಂಗಸರು ಸುತ್ತ ನೆರೆದರು. ಯಾರು ಹೊಲಿದದ್ದು ಎಂದು ಒಬ್ಬರು ಕೇಳಿದಾಗ ನಾನು ಬಾಗಿಲ ಮರೆಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡೆ.

‘ಇವ್ರಽ, ಬಾಗೇವಾಡಿ ಅಕ್ಕೋರು. ಇನ್ನಾ ಕಲ್ಯಾಕತ್ತಾರ, ಪಾಪ. ತೋಳು ಬರೂದಿಲ್ಲ. ಕಿಸೆ ಮಾತ್ರ ಚಲೋ ಹಚ್ತಾರ.’

ಜನ್ಮದಲ್ಲಿ ಯಾರೂ ನನ್ನನ್ನು ‘ಪಾಪ’ ಅಂದಿರಲಿಲ್ಲ. ಖಾಲಿ ಚೀಲ ಮಡಿಚಿಕೊಂಡು ಬಸ್ಸಿಗೆ ಹೊರಟೆ.

ಹತ್ತು ದಿನದ ಮೇಲೆ ಮೈದುನನ ಕೈಯಲ್ಲಿ ಒಂದು ಚೀಲ ಬಂತು. ಬಿಚ್ಚಿದರೆ ಮೂರು ನೈಟಿಗಳು. ಅಂಗಡಿಯ ನೈಟಿಗಳು! ಮನುಷ್ಯನನ್ನು ಜೋಳದ ಚೀಲದಂತೆ ತೋರಿಸಲಿಕ್ಕೆಂದೇ ಹೊಲಿದ ಆ ವಸ್ತ್ರವನ್ನು ನಾನು ಮುಟ್ಟಿದವಳಲ್ಲ, ನಮ್ಮ ಮನೆಯ ಹಗ್ಗದ ಮೇಲೆ ಒಣಗಲು ಬಿಟ್ಟವಳಲ್ಲ. ಒಳಗೆ ಸರೋಜಕ್ಕನ ಕೈಬರಹದ ಚೀಟಿ: ‘ಅಕ್ಕೋರ, ಓಣ್ಯಾಗಿನವರು ಕೊಟ್ಟಾರ. ಎಡಗಡೆ ಕಿಸೆ ಅಷ್ಟ ಹಚ್ಚರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ.’

ಭಾನುವಾರ ಮಷಿನಿನ ಮುಂದೆ ಕುಳಿತೆ. ಒಂದು ನೈಟಿಯ ಬಲತೋಳು ಎಡತೋಳಿಗಿಂತ ಒಂದು ಬೆರಳು ಉದ್ದವಿತ್ತು. ಕಂಡಿತು, ಕಾಣದೆ ಇರುತ್ತದೆಯೇ? ಕೈ ತಾನಾಗಿ ಕತ್ತರಿಯವರೆಗೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಅದನ್ನು ಹಿಂದಕ್ಕೆ ಎಳೆದುಕೊಂಡು, ಹೇಳಿದಷ್ಟೇ ಮಾಡಿ, ಮೂರನ್ನೂ ಮಡಿಚಿ ಚೀಲಕ್ಕೆ ಹಾಕಿದೆ.