ಗೋಡೆ ಕೊರೆದ ಅಳಿಯ

ನನ್ನ ಅಳಿಯನಿಗೆ ತಲೆ ಇಲ್ಲವೆಂದು ನಾನು ಹೇಳುವುದಿಲ್ಲ. ಇದೆ, ಆದರೆ ಏಳೆಂಟು ನೂರು ವರ್ಷ ಹಿಂದೆ ಇದೆ. ಕಡಲಾಚೆ ನಾವಿರುವ ಬಯಾನ್ ಲೆಪಾಸ್‌ನ ಚಿಪ್ ಕಾರ್ಖಾನೆಯ ಎಂಜಿನಿಯರು ಇವನು. ಕೊರೋನಾದಲ್ಲಿ ಇಗರ್ಜಿ ಮುಚ್ಚಿದಾಗ ನಾವೆಲ್ಲ ಮೊಬೈಲಿನಲ್ಲಿ ಮಂಗಳೂರಿನ ಪೂಜೆ ನೋಡಿದರೆ, ಇವನು ಇಂಗ್ಲೆಂಡಿನ ಯಾವುದೋ ಹಳ್ಳಿಯ ಇಗರ್ಜಿಯನ್ನು ನೋಡುತ್ತಾ ಕೂತ. ಪೂಜೆಯನ್ನಲ್ಲ, ಕಲ್ಲನ್ನು!

"ಗೋಪುರ ನೋಡಿ ಮಾಮಿ, ಕೆಳಗೆ ನುಣುಪು, ಮೇಲೆ ಒರಟು. ಕಟ್ಟುತ್ತಿದ್ದವರು ಪ್ಲೇಗಿನಲ್ಲಿ ಸತ್ತರು. ಉಳಿದವರು ಬಂದ ಹಾಗೆ ಕಟ್ಟಿದ್ರು."

"ಅದು ಈಗ ಪ್ರೊಟೆಸ್ಟೆಂಟರದ್ದಲ್ವಾ?"

"ಕಟ್ಟುವಾಗ ನಮ್ಮದೇ."

"ಹಾಗಾದ್ರೆ ಹೋಗಿ ಬಾಡಿಗೆ ಕೇಳು."

"ಅಜ್ಜಿ, ಡ್ಯಾಡಿ ಈಸ್ ಮ್ಯಾಡ್ ಲಾ," ಎಂದಳು ಮೊಮ್ಮಗಳು.

ಸಂಜೆ ಹಾಲ್‌ನ ಅಲ್ತಾರಿನ ಶಿಲುಬೆಯೆದುರು ಮೊಣಕಾಲೂರಿ ಹೇಳುವ ಜಪಸರಕ್ಕೆ ಮಾತ್ರ ಈ ಭಕ್ತ ಸೋಫಾ ಬಿಟ್ಟು ಇಳಿಯುತ್ತಿರಲಿಲ್ಲ. ಮೊಣಕಾಲು ನೋವಂತೆ. ಬ್ಯಾಡ್ಮಿಂಟನ್ನಿಗೆ ಆ ನೋವು ಇರಲಿಲ್ಲ.

ಒಂದು ದಿನ ಅದೇ ಇಗರ್ಜಿಯ ಗೋಡೆಯ ಒಂದು ತೂತು ತೋರಿಸಿದ. ಆ ಕಾಲದಲ್ಲಿ ರೋಗದವರು ಇಗರ್ಜಿಯ ಒಳಗೆ ಬರುವಂತಿರಲಿಲ್ಲ. ಅವರು ಹೊರಗೆ ನಿಂತೇ ಅಲ್ತಾರು ನೋಡಲಿ ಎಂದು ಗೋಡೆಯಲ್ಲಿ ಓರೆಯಾಗಿ ಕೊರೆದದ್ದಂತೆ. ಎರಡು ಮೊಳ ದಪ್ಪದ ಕಲ್ಲು. ಬಾಗಿಲಿಗೆ ಬರಬಾರದವರಿಗಾಗಿ ಯಾರೋ ಕೂತು ಅಷ್ಟು ಕಲ್ಲು ಕೊರೆದಿದ್ದಾರೆ. ಇನ್ನೊಮ್ಮೆ ತೋರಿಸು ಎಂದೆ. ಅಳಿಯನೆದುರು ಅದು ಅಪರೂಪ.

ಆಮೇಲೆ ರೋಗ ನನಗೇ ಬಂತು. ಹಾಲ್‌ಗೆ ತಾಗಿದ ಕೋಣೆಯಲ್ಲಿ ನನ್ನನ್ನು ಹಾಕಿದರು. ತಪಾವ್ ಪಾರ್ಸೆಲ್ ತಂದವರ ಹಾಗೆ ಊಟ ಬಾಗಿಲ ಹೊರಗಿಟ್ಟು ಓಡಿದರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಸಾಯುವ ಹೆದರಿಕೆ ಇರಲಿಲ್ಲ. ಅಲ್ತಾರು ಕಾಣದೆ, ಕಪಾಟು ನೋಡುತ್ತಾ ಸಾಯಬೇಕಲ್ಲ ಎಂದು ಸಿಟ್ಟು. ಬಾಗಿಲಾಚೆಗೆ ಕೇಳುವ ಹಾಗೆ ಬೈದೆ. ಮಗಳು ಹಾಲ್‌ನ ಅಲ್ತಾರನ್ನು ಮೊಬೈಲಿನಲ್ಲಿ ತೋರಿಸಿದಳು. ಅದರಲ್ಲಿ ಯೇಸುವಿಗಿಂತ ಅವಳ ಹೆಬ್ಬೆರಳೇ ಹೆಚ್ಚು ಕಂಡಿತು.

ಅಳಿಯ ಫೋನು ಮಾಡಿದ. "ಮಾಮಿ, ತಲೆ ಯಾವ ಕಡೆ ಇಟ್ಟು ಮಲಗಿದ್ದೀರಿ?"

"ಪೆಟ್ಟಿಗೆಗೆ ಅಳತೆ ತೆಗೀತಿದ್ದೀಯಾ? ಸ್ವಲ್ಪ ತಡೆ."

ಮಧ್ಯಾಹ್ನವಿಡೀ ಹಾಲ್‌ನ ಕಡೆಯಿಂದ ಗೋಡೆ ಗರಗರ ಎಂದಿತು. ಬಾಡಿಗೆ ಮನೆ! ಮಗಳು ಕೂಗಿದಳು, ಅವನು ನಿಲ್ಲಿಸಲಿಲ್ಲ. ನನ್ನ ಕಾಲ ಬಳಿ ಸಿಮೆಂಟು ಉದುರಿ, ಮುಷ್ಟಿಯಷ್ಟು ಬೆಳಕು ಬಂತು. ಅದಕ್ಕೊಂದು ಗಾಜು ಮೆತ್ತಿದ.

ಸಂಜೆ ದಿಂಬಿನಿಂದ ತಲೆ ಎತ್ತದೆಯೇ ನೋಡಿದೆ. ಓರೆ ಸರಿಯಾಗಿತ್ತು: ಮೇಣದ ಬತ್ತಿ, ಶಿಲುಬೆ, ಅದರ ಬುಡದಲ್ಲಿ ಕೂದಲೆಲ್ಲ ಧೂಳಾದ ನನ್ನ ಅಳಿಯ. ಮೊಣಕಾಲೂರಿದ್ದ.

"ಮೊಣಕಾಲು ನೋಯ್ತದಲ್ಲ ಮಾರಾಯ, ಏಳು," ಎಂದೆ.

ಗಾಜಿನಾಚೆ ಕೇಳಿಸಲಿಲ್ಲವೋ ಏನೋ. ಜಪಸರ ಮುಗಿದ ಮೇಲೂ ಅವನು ಏಳಲಿಲ್ಲ.